ಗಿಡ್ಡ ಬಂದೂಕಿನ ಲೆಕ್ಕಾಚಾರ: ಬುಲ್‌ಪಪ್ ಮತ್ತು ಕಾರ್ಬೈನ್

ಪ್ರಶ್ನೆ: ಪ್ರಧಾನಿಯವರ ಕಾವಲಿನವರ ಕೈಯಲ್ಲಿ ವಿಚಿತ್ರ ಆಕಾರದ ಗಿಡ್ಡ ಬಂದೂಕು ಕಾಣಿಸುತ್ತದೆ. ಮ್ಯಾಗಝಿನ್ ಹಿಡಿಯ ಹಿಂದೆ, ಹೆಚ್ಚುಕಡಿಮೆ ಕಂಕುಳ ಹತ್ತಿರ ಇರುತ್ತದೆ. ನನ್ನ ಮಗ ಪಬ್ಜಿ ಆಡುತ್ತಾ ಎಯುಜಿ, ಗ್ರೋಝಾ ಅಂತ ಏನೇನೋ ಹೆಸರು ಹೇಳುತ್ತಾನೆ. ಇವನ್ನು ಬುಲ್‌ಪಪ್ ಅಂತಾರಂತೆ. ಇದಕ್ಕೂ ಕಾರ್ಬೈನಿಗೂ ಏನು ವ್ಯತ್ಯಾಸ? ಇಷ್ಟೊಂದು ಜನ ಇದನ್ನು ಹೊಗಳುತ್ತಾರೆ, ಹಾಗಿದ್ದ ಮೇಲೆ ಫ್ರಾನ್ಸ್, ಚೀನಾ ಸೇನೆಗಳು ಯಾಕೆ ಕೈಬಿಡುತ್ತಿವೆ? ನಮ್ಮಲ್ಲಿ ಖಾಸಗಿಯವರು ಇಂಥದ್ದನ್ನು ಇಟ್ಟುಕೊಳ್ಳಬಹುದಾ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಆ ಆಕಾರದ ರುಚಿಯನ್ನು ಕಾನೂನಿನ ಒಳಗೇ ಸ್ವಲ್ಪ ನೋಡುವ ದಾರಿ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ನೋಡಿದ್ದು ಬಹುಶಃ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್2000 ಅಥವಾ ಪಿ90. ಎಸ್‌ಪಿಜಿಯವರ ಕೈಯಲ್ಲಿ ಎರಡೂ ಕಾಣಿಸಿಕೊಂಡಿವೆ. ಎರಡೂ ಬುಲ್‌ಪಪ್ಪೇ. ಆದರೆ ಎರಡೂ ಆ ಜಾತಿಯಲ್ಲಿ ತೀರಾ ವಿಚಿತ್ರವಾದವು. ಹಾಗಾಗಿ ಅಲ್ಲಿಂದ ಶುರು ಮಾಡಿದರೆ ತಲೆಕೆಡುತ್ತದೆ.

ಬಂದೂಕನ್ನು ಗಿಡ್ಡ ಮಾಡಲು ಮುಖ್ಯವಾಗಿ ಎರಡು ದಾರಿ. ಒಂದು, ನಳಿಗೆಯನ್ನೇ ಮೊಟಕು ಮಾಡುವುದು, ಜೊತೆಗೆ ಬಟ್ಟನ್ನು, ಅಂದರೆ ಭುಜಕ್ಕೆ ಆನಿಸುವ ಹಿಂಭಾಗವನ್ನು, ಮಡಚುವ ಹಾಗೋ ಒಳಗೆ ಸರಿಸುವ ಹಾಗೋ ಮಾಡುವುದು. ಅದು ಕಾರ್ಬೈನ್. ಇನ್ನೊಂದು, ನಳಿಗೆಯನ್ನು ಮುಟ್ಟದೆ ಮಿಕ್ಕ ಯಂತ್ರವನ್ನೆಲ್ಲಾ ಹಿಂದಕ್ಕೆ ತಳ್ಳುವುದು. ಕಾಡತೂಸನ್ನು ತಳ್ಳುವ ಬೋಲ್ಟು, ಅದು ಕೂತು ಸಿಡಿಯುವ ಚೇಂಬರು, ಮ್ಯಾಗಝಿನ್ ಎಲ್ಲವೂ ಬಟ್ಟಿನ ಒಳಗೆ ಹೋಗುತ್ತವೆ. ಹಿಡಿ ಮತ್ತು ಟ್ರಿಗರ್ ಮಾತ್ರ ಮುಂದೆ ಉಳಿಯುತ್ತವೆ. ಸಾಮಾನ್ಯ ರೈಫಲ್ಲಿನಲ್ಲಿ ಬಟ್ಟು ಭುಜಕ್ಕೆ ಆನಿಸಲು ಮಾತ್ರ ಇರುವ ಜಾಗ. ಅದನ್ನು ಸುಮ್ನೆ ಯಾಕೆ ಬಿಡಬೇಕು ಅನ್ನುವುದೇ ಬುಲ್‌ಪಪ್ಪಿನ ಯೋಚನೆ.

ಅಂಕಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಅಮೆರಿಕದ ಎಂ16ಎ2 ರೈಫಲ್ಲಿನ ನಳಿಗೆ 508 ಮಿ.ಮೀ. ಇಡೀ ಬಂದೂಕು ಸುಮಾರು ಒಂದು ಮೀಟರ್ ಉದ್ದ. ಅದನ್ನು ಮೊಟಕು ಮಾಡಿ ಎಂ4 ಕಾರ್ಬೈನ್ ಮಾಡಿದರು. ನಳಿಗೆ 368 ಮಿ.ಮೀ.ಗೆ ಇಳಿಯಿತು. ಬಟ್ಟು ಪೂರ್ತಿ ಎಳೆದಾಗ ಉದ್ದ 838 ಮಿ.ಮೀ. ಈಗ ಆಸ್ಟ್ರಿಯಾದ ಸ್ಟಯರ್ ಎಯುಜಿ ನೋಡಿ. ನಿಮ್ಮ ಮಗ ಹೇಳಿದ್ದು ಇದನ್ನೇ. ನಳಿಗೆ ಎಂ16ರಷ್ಟೇ, 508 ಮಿ.ಮೀ. ಇಡೀ ಬಂದೂಕಿನ ಉದ್ದ 790 ಮಿ.ಮೀ. ಅಂದರೆ ಎಂ4 ಹದಿನಾಲ್ಕು ಸೆಂಟಿಮೀಟರ್ ನಳಿಗೆ ಕಳೆದುಕೊಂಡೂ ಎಯುಜಿಗಿಂತ ಉದ್ದವಾಗಿಯೇ ಉಳಿಯಿತು. ಬುಲ್‌ಪಪ್ ಅಭಿಮಾನಿಗಳ ಕಣ್ಣು ಹೊಳೆಯುವುದು ಇಲ್ಲೇ.

ಹಾಗಾದರೆ ಎಲ್ಲರೂ ಬುಲ್‌ಪಪ್ಪನ್ನೇ ಮಾಡಬಹುದಿತ್ತಲ್ಲ? ಇಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಕಾರ್ಬೈನ್ ಗುಂಡಿನ ವೇಗದಲ್ಲಿ ಬೆಲೆ ತೆರುತ್ತದೆ. ಬುಲ್‌ಪಪ್ ಹೊಡೆಯುವವನ ಅನುಕೂಲದಲ್ಲಿ ಬೆಲೆ ತೆರುತ್ತದೆ. ಯಾವ ಡಿಸೈನರ್ ಆ ಬೆಲೆಯನ್ನು ಎಲ್ಲಿ ಕಟ್ಟಿದ, ಎಷ್ಟು ಜಾಣತನದಿಂದ ಕಟ್ಟಿದ ಅಂತ ಬಿಚ್ಚಿ ನೋಡುವುದರಲ್ಲೇ ಈ ಹುಚ್ಚಿನ ಮಜಾ ಇರುವುದು. ಸೇನೆಯ ವರ್ಕ್‌ಶಾಪಿನಲ್ಲಿ ಆರ್ಮರರ್ ಆಗಿದ್ದ ನನಗೆ ಬಂದೂಕು ಹೊಡೆಯುವುದಕ್ಕಿಂತ ಬಿಚ್ಚುವುದೇ ಜಾಸ್ತಿ ಇಷ್ಟ. ಆದ್ದರಿಂದ ಈ ಉತ್ತರವೂ ಆ ಕಡೆಗೇ ವಾಲುತ್ತದೆ.

ಮೊದಲು ಕಾರ್ಬೈನ್. ಇದು ಹೊಸದೇನಲ್ಲ. ಕುದುರೆ ಸವಾರನಿಗೆ ಉದ್ದ ಬಂದೂಕು ತೊಡಕು, ಅವನಿಗೆ ಅಂತಲೇ ಗಿಡ್ಡದ್ದು ಮಾಡುತ್ತಿದ್ದರು. ಫಿರಂಗಿ ದಳದವರಿಗೂ ಹಾಗೆಯೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಾಲಾಳುಗಳಿಗೆ ಒಂದು, ಸವಾರರಿಗೆ ಒಂದು ಅನ್ನುವುದನ್ನು ಬಿಟ್ಟು, ಇಬ್ಬರಿಗೂ ಆಗುವಂಥ ನಡುವಿನ ಉದ್ದದ ಲೀ-ಎನ್‌ಫೀಲ್ಡ್ ತಂದರು. ನಮ್ಮ ಪೊಲೀಸ್ ಠಾಣೆಗಳಲ್ಲಿ ದಶಕಗಟ್ಟಲೆ ಕಾಣುತ್ತಿದ್ದ, ಎನ್‌ಸಿಸಿ ಹುಡುಗರು ಹೆಗಲ ಮೇಲೆ ಹೊತ್ತು ಡ್ರಿಲ್ ಮಾಡುತ್ತಿದ್ದ ಪಾಯಿಂಟ್ ತ್ರೀ ನಾಟ್ ತ್ರೀ ಅದೇ ವಂಶದ್ದು. ಅದು ಆ ಕಾಲಕ್ಕೆ ಗಿಡ್ಡ ಬಂದೂಕು ಅಂದರೆ ಈಗಿನ ಹುಡುಗರು ನಗುತ್ತಾರೆ. ಉದ್ದ 113 ಸೆಂಟಿಮೀಟರ್!

ಎರಡನೇ ಮಹಾಯುದ್ಧದಲ್ಲಿ ಪೂರ್ವದ ಕಾಡುಗಳಿಗಾಗಿ ಅದೇ ಎನ್‌ಫೀಲ್ಡನ್ನು ಇನ್ನೂ ಮೊಟಕು ಮಾಡಿ 1944ರಲ್ಲಿ ನಂಬರ್ 5 ತಂದರು. ಜಂಗಲ್ ಕಾರ್ಬೈನ್ ಅಂತ ಪ್ರಸಿದ್ಧಿ. ಉದ್ದ ಒಂದು ಮೀಟರ್, ತೂಕ ಸುಮಾರು 3.2 ಕೆಜಿ. ಮೂತಿಯಲ್ಲಿ ಗಂಟೆಯ ಆಕಾರದ ಬೆಂಕಿ ತಡೆ, ಬಟ್ಟಿಗೆ ರಬ್ಬರ್ ಪಟ್ಟಿ. ನೋಡಲು ಬಹಳ ಚೆಂದ. ಆದರೆ ಪೂರ್ಣ ಶಕ್ತಿಯ ಕಾಡತೂಸನ್ನು ಹಗುರ ಬಂದೂಕಿನಲ್ಲಿ ಹೊಡೆದರೆ ಏನಾಗುತ್ತದೋ ಅದೇ ಆಯಿತು. ಭುಜಕ್ಕೆ ಗುದ್ದು ಜೋರು. ಮೇಲಾಗಿ ಗುರಿ ಕೂಡಿಸಿಟ್ಟರೂ ಅದು ಅಲ್ಲೇ ನಿಲ್ಲುತ್ತಿರಲಿಲ್ಲ ಅನ್ನುವ ದೂರು. ಆದರೂ ಹಳೆ ಬಂದೂಕು ಸಂಗ್ರಹಿಸುವವರು ಇವತ್ತಿಗೂ ಅದಕ್ಕೆ ಮುಗಿಬೀಳುತ್ತಾರೆ. ಚೆಂದ ಅನ್ನುವುದು ಈ ಲೋಕದಲ್ಲಿ ಸಣ್ಣ ವಿಷಯ ಅಲ್ಲ.

ಅಮೆರಿಕನ್ನರು ಅದೇ ಹೊತ್ತಿನಲ್ಲಿ ಬೇರೆ ರೀತಿ ಯೋಚಿಸಿದರು. ದೊಡ್ಡ ಬಂದೂಕನ್ನು ಕತ್ತರಿಸುವ ಬದಲು ಕಾಡತೂಸನ್ನೇ ಚಿಕ್ಕದು ಮಾಡಿದರು. ಎಂ1 ಕಾರ್ಬೈನ್ ಬಂದದ್ದು ಹಾಗೆ. ಬರೀ 2.4 ಕೆಜಿ. ಲಾರಿ ಚಾಲಕ, ಸಿಗ್ನಲ್‌ನವನು, ಫಿರಂಗಿಯವನು, ಇವರಿಗೆಲ್ಲ ಪಿಸ್ತೂಲಿಗಿಂತ ಮೇಲು, ರೈಫಲ್ಲಿಗಿಂತ ಹಗುರ. ಅರವತ್ತು ಲಕ್ಷಕ್ಕೂ ಮೀರಿ ತಯಾರಾಯಿತು. ಗಿಡ್ಡ ಬಂದೂಕಿಗೆ ಅದಕ್ಕೊಪ್ಪುವ ಕಾಡತೂಸೇ ಇರಬೇಕು ಅನ್ನುವುದನ್ನು ಅಷ್ಟು ಬೇಗ ಅರ್ಥ ಮಾಡಿಕೊಂಡವರು ಕಡಿಮೆ.

ನಮ್ಮಲ್ಲಿ ಪೊಲೀಸರು ಕಾರ್ಬೈನ್ ಅಂದರೆ ಸ್ಟರ್ಲಿಂಗ್ ಅಂತಲೇ ಲೆಕ್ಕ. ಕಾನ್ಪುರದಲ್ಲಿ ತಯಾರಾದ 9 ಎಂಎಂ. ನಳಿಗೆಯ ಸುತ್ತ ತೂತು ತೂತಿನ ಕವಚ, ಎಡಕ್ಕೆ ಚಾಚಿಕೊಂಡ 34 ಗುಂಡಿನ ಬಾಗಿದ ಮ್ಯಾಗಝಿನ್. ಬಟ್ಟು ಮಡಚಿದರೆ 48 ಸೆಂಟಿಮೀಟರ್. ತಾಂತ್ರಿಕವಾಗಿ ಅದು ಸಬ್ ಮಷೀನ್ ಗನ್, ಪಿಸ್ತೂಲಿನ ಕಾಡತೂಸು ಹೊಡೆಯುವಂಥದ್ದು. ಆದರೆ ಸರಕಾರಿ ಕಾಗದದಲ್ಲೂ ಕಾರ್ಬೈನ್ ಅಂತಲೇ ಬರೆದಿರುತ್ತದೆ. ನಾನು ರಿಪೇರಿ ಮಾಡಿದ ಆಯುಧಗಳಲ್ಲಿ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಒಳಗಿನ ಬೋಲ್ಟಿನ ಮೈಮೇಲೆ ಓರೆಯಾಗಿ ಏಣುಗಳಿವೆ. ಬೋಲ್ಟು ಹಿಂದೆ ಮುಂದೆ ಓಡಾಡುವಾಗ ಒಳಗಿನ ಕೊಳೆಯನ್ನು ಅದೇ ಕೆರೆದು ಆಚೆ ತಳ್ಳುತ್ತದೆ. ಹೊಡೆತದ ದೂರ ಕಡಿಮೆ, ಬಿಡಿ. ಆದರೆ ಕೈಕೊಡುವುದು ಅಪರೂಪ.

ಈಗ ನಳಿಗೆ ಕತ್ತರಿಸಿದರೆ ನಿಜವಾಗಿ ಎಷ್ಟು ನಷ್ಟ ಅಂತ ನೋಡೋಣ. ಇದಕ್ಕೆ ರಷ್ಯದ ಎಕೆಎಸ್-74ಯುಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಟ್ಯಾಂಕಿನವರಿಗೆ, ಹೆಲಿಕಾಪ್ಟರಿನವರಿಗೆ ಅಂತ ಸೋವಿಯತ್ ಸೇನೆ ಮಾಡಿಸಿದ ಪುಟಾಣಿ ಕಲಾಶ್ನಿಕೊವ್ ಅದು. ಮಡಚಿದರೆ ಅರ್ಧ ಮೀಟರೂ ಇಲ್ಲ. ಪೂರ್ತಿ ಎಕೆ-74ರ ನಳಿಗೆ 415 ಮಿ.ಮೀ., ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದರ ನಳಿಗೆ 206 ಮಿ.ಮೀ., ವೇಗ 735 ಮೀಟರ್. ಕಾಡತೂಸು ಒಂದೇ. ವೇಗ ಅಷ್ಟು ಬಿದ್ದರೆ ಗುಂಡಿನ ಶಕ್ತಿ ಮೂರರಲ್ಲಿ ಒಂದು ಭಾಗ ಹೋಯಿತು ಅಂತ ಅರ್ಥ. ಎಲ್ಲಿ ಹೋಯಿತು? ಮೂತಿಯಿಂದ ಆಚೆ, ಬೆಂಕಿಯಾಗಿ, ಸದ್ದಾಗಿ. ಮದ್ದು ಪೂರ್ತಿ ಉರಿದು ಗುಂಡನ್ನು ತಳ್ಳಿ ಮುಗಿಸುವ ಮುಂಚೆಯೇ ಗುಂಡು ನಳಿಗೆ ಬಿಟ್ಟು ಹೋಗಿರುತ್ತದೆ. ಅದಕ್ಕೇ ಈ ಬಂದೂಕಿನ ಮೂತಿಗೆ ದಪ್ಪ ಡಬ್ಬಿಯಂಥ ಭಾಗ ಇರುವುದು. ನಳಿಗೆಯ ತುದಿಯಲ್ಲಿ ಒತ್ತಡ ಸ್ವಲ್ಪ ಹೊತ್ತು ನಿಲ್ಲದಿದ್ದರೆ ಯಂತ್ರ ಸರಿಯಾಗಿ ತಿರುಗುವುದೇ ಇಲ್ಲ.

5.56 ಎಂಎಂನಂಥ ಸಣ್ಣ ಗುಂಡುಗಳ ಪರಿಣಾಮವೆಲ್ಲಾ ವೇಗದಲ್ಲೇ ಇದೆ. ತೂಕದಲ್ಲಿ ಏನೂ ಇಲ್ಲ, ಬರೀ 4 ಗ್ರಾಂ. ಹಾಗಾಗಿ ನಳಿಗೆ ಕತ್ತರಿಸಿದಷ್ಟೂ ದೂರದಲ್ಲಿ ಗುಂಡು ಸೊರಗುತ್ತದೆ. ಇದರ ಜೊತೆ ಇನ್ನೊಂದು ತಲೆನೋವು. ನಳಿಗೆಯಿಂದ ಗ್ಯಾಸ್ ತೆಗೆದು ಬೋಲ್ಟ್ ತಳ್ಳುವ ತೂತು ಚೇಂಬರಿನ ಹತ್ತಿರಕ್ಕೆ ಬರುತ್ತದೆ. ಅಲ್ಲಿ ಒತ್ತಡ ಜಾಸ್ತಿ. ಬೋಲ್ಟು ಬಡಿದುಕೊಂಡು ಓಡುತ್ತದೆ, ಬಿಡಿಭಾಗ ಬೇಗ ಸವೆಯುತ್ತದೆ. ಇತ್ತೀಚೆಗೆ ಇದಕ್ಕೆ ಉತ್ತರವಾಗಿ .300 ಬ್ಲ್ಯಾಕೌಟ್‌ನಂಥ ಕಾಡತೂಸು ಬಂದಿದೆ. ಬೇಗ ಉರಿಯುವ ಮದ್ದು, ಭಾರದ ಗುಂಡು. ಗೇಣುದ್ದದ ನಳಿಗೆಯಲ್ಲೇ ಕೆಲಸ ಮುಗಿಸುತ್ತದೆ. ಎಂ1 ಕಾರ್ಬೈನಿನವರ ಹಳೆ ಯೋಚನೆಯೇ ಇದು, ಅಲ್ವಾ?

ಇನ್ನು ಬುಲ್‌ಪಪ್ಪಿನ ಕಡೆ ಬರೋಣ. ಇಲ್ಲಿ ನಳಿಗೆ ಪೂರ್ತಿ ಉಳಿಯಿತು, ವೇಗ ಉಳಿಯಿತು. ಕಷ್ಟ ಬಂದದ್ದು ಟ್ರಿಗರಿಗೆ. ಬೆರಳು ಮುಂದೆ, ಕಾಡತೂಸನ್ನು ಸಿಡಿಸುವ ಹ್ಯಾಮರ್ ಒಂದು ಗೇಣು ಹಿಂದೆ. ನಡುವೆ ಉದ್ದನೆಯ ಕಡ್ಡಿ. ಹಳೆ ಸೈಕಲ್ಲಿನ ಹಿಂದಿನ ಚಕ್ರದ ಬ್ರೇಕ್ ಹಿಡಿದಾಗ ಮೊದಲು ಕೇಬಲ್ ಸಡಿಲ ಎಳೆದುಕೊಂಡು ಆಮೇಲೆ ಹಿಡಿಯುತ್ತದಲ್ಲ, ಹಾಗೆ. ಸಾಮಾನ್ಯ ರೈಫಲ್ಲಿನ ಟ್ರಿಗರ್ ಟಕ್ ಅಂತ ಬಿಡುತ್ತದೆ. ಬುಲ್‌ಪಪ್ಪಿನದು ಕೊಸರಾಡುತ್ತದೆ. ಗುರಿಕಾರರು ಬುಲ್‌ಪಪ್ಪನ್ನು ಬೈಯುವಾಗ ಮೊದಲು ಬೈಯುವುದೇ ಇದನ್ನು.

ಎರಡನೆಯದು ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸು. ಸಾಮಾನ್ಯ ರೈಫಲ್ಲಿನಲ್ಲಿ ಅದು ಮುಖದ ಮುಂದೆ ಹಾರಿ ಹೋಗುತ್ತದೆ. ಬುಲ್‌ಪಪ್ಪಿನಲ್ಲಿ ಅದು ಹೊರಬರುವ ಕಿಂಡಿ ಕೆನ್ನೆಯ ಪಕ್ಕದಲ್ಲೇ ಇದೆ. ಬಲಗೈಯವನಿಗೆ ತೊಂದರೆ ಇಲ್ಲ. ಎಡಗೈಯವನು ಹಿಡಿದರೆ ಬಿಸಿ ಹಿತ್ತಾಳೆ ನೇರ ಮುಖಕ್ಕೆ. ಬಲಗೈಯವನೂ ಒಮ್ಮೊಮ್ಮೆ ಗೋಡೆಯ ಎಡ ಮೂಲೆಯಿಂದ ಇಣುಕಬೇಕಾಗುತ್ತದೆ. ಆಗ ಭುಜ ಬದಲಿಸುವ ಹಾಗಿಲ್ಲ. ಈ ಒಂದು ಸಮಸ್ಯೆಗೆ ಒಬ್ಬೊಬ್ಬರು ಒಂದೊಂದು ಪರಿಹಾರ ಹುಡುಕಿದರು. ನನಗೆ ಬುಲ್‌ಪಪ್ ಲೋಕದಲ್ಲಿ ಅತಿ ಖುಷಿ ಕೊಡುವ ಭಾಗ ಇದು.

ಎಯುಜಿಯಲ್ಲಿ ಎರಡೂ ಕಡೆ ಕಿಂಡಿ ಇದೆ, ಒಂದಕ್ಕೆ ಮುಚ್ಚಳ. ಎಡಗೈಯವನಿಗೆ ಬೇರೆ ಬೋಲ್ಟ್ ಹಾಕಿ ಮುಚ್ಚಳ ಬದಲಿಸಿದರೆ ಆಯಿತು. ಫ್ರಾನ್ಸಿನ ಫಾಮಾಸ್‌ನಲ್ಲಿ ಬೇರೆ ಬೋಲ್ಟೂ ಬೇಡ, ಇರುವುದರಲ್ಲೇ ಕೇಸನ್ನು ಎಳೆಯುವ ಕೊಕ್ಕೆಯ ಜಾಗ ಬದಲಿಸಿ ಕೆನ್ನೆ ಪಟ್ಟಿಯನ್ನು ತಿರುಗಿಸಬೇಕು. ನೀವು ನೋಡಿದ ಎಫ್2000 ಇನ್ನೂ ಮುಂದೆ ಹೋಗಿ, ಖಾಲಿ ಕೇಸುಗಳನ್ನು ನಳಿಗೆಯ ಪಕ್ಕದ ಕೊಳವೆಯಲ್ಲಿ ಮುಂದಕ್ಕೆ ಸಾಗಿಸಿ ಮೂತಿಯ ಹತ್ತಿರ ಬೀಳಿಸುತ್ತದೆ. ಹೊಡೆದ ತಕ್ಷಣ ಒಂದೂ ಬೀಳುವುದಿಲ್ಲ. ಕೊಳವೆ ತುಂಬುತ್ತಾ ಬಂದ ಮೇಲೆ ಒಂದೊಂದಾಗಿ ಉದುರುತ್ತವೆ. ಪಿ90ಯದು ಎಲ್ಲರಿಗಿಂತ ಬೇರೆ. 50 ಗುಂಡಿನ ಉದ್ದ ಮ್ಯಾಗಝಿನ್ ಬಂದೂಕಿನ ಬೆನ್ನ ಮೇಲೆ ಮಲಗಿರುತ್ತದೆ. ಗುಂಡುಗಳು ಅಡ್ಡಡ್ಡ ಕೂತಿರುತ್ತವೆ, ಚೇಂಬರಿಗೆ ಇಳಿಯುವಾಗ ಕಾಲು ಸುತ್ತು ತಿರುಗಿ ನೇರವಾಗುತ್ತವೆ. ಖಾಲಿ ಕೇಸು ಕೆಳಗೆ ಬೀಳುತ್ತದೆ. ಯಾವ ಕೈಯವನಿಗೂ ತಕರಾರಿಲ್ಲ. ಒಟ್ಟು ಉದ್ದ ಅರ್ಧ ಮೀಟರ್. ಆದರೆ ಇದಕ್ಕೆ ತನ್ನದೇ ಆದ ಪುಟ್ಟ 5.7 ಎಂಎಂ ಕಾಡತೂಸು ಬೇಕು, ಬೇರೆ ಯಾವ ರೈಫಲ್ಲಿನದೂ ಹೊಂದುವುದಿಲ್ಲ.

ಬ್ರಿಟಿಷರ ಎಲ್85? ಅವರು ಏನೂ ಮಾಡಲಿಲ್ಲ. ಎಲ್ಲರೂ ಬಲಭುಜದಿಂದಲೇ ಹೊಡೀರಿ ಅಂದರು, ಅಷ್ಟೇ.

ಆ ಬ್ರಿಟಿಷರ ಕತೆ ಸ್ವಲ್ಪ ಹೇಳಲೇಬೇಕು. ಯಾಕಂದರೆ ಬುಲ್‌ಪಪ್ಪಿನ ಮೊದಲ ಪ್ರಯೋಗಗಳಲ್ಲಿ ಅವರದ್ದೇ ದೊಡ್ಡ ಪಾಲು. 1901ರಷ್ಟು ಹಿಂದೆಯೇ ಥಾರ್ನಿಕ್ರಾಫ್ಟ್ ಅನ್ನುವ ಬೋಲ್ಟ್ ಕಾರ್ಬೈನ್ ಬಂದಿತ್ತು, ಸೇನೆ ಒಪ್ಪಲಿಲ್ಲ. ಆಮೇಲೆ ಯುದ್ಧ ಮುಗಿದ ಮೇಲೆ ಇಎಂ-2. ಪೋಲೆಂಡಿನಿಂದ ಬಂದ ಇಂಜಿನಿಯರ್ ಸ್ಟೀಫನ್ ಜಾನ್ಸನ್ ಅದರ ಡಿಸೈನರ್. 7 ಎಂಎಂನ ಹೊಸ ಮಧ್ಯಮ ಕಾಡತೂಸು, 62 ಸೆಂಟಿಮೀಟರ್ ನಳಿಗೆ, ಒಟ್ಟು ಉದ್ದ ಬರೀ 89 ಸೆಂಟಿಮೀಟರ್, ಮೇಲೆ ಸಣ್ಣ ದುರ್ಬೀನು. 1951ರಲ್ಲಿ ಸೇನೆಗೆ ಒಪ್ಪಿಗೆಯೂ ಆಯಿತು. ಅದೇ ವರ್ಷ ಸರಕಾರ ಬದಲಾಗಿ ಚರ್ಚಿಲ್ ಬಂದರು. ಅಮೆರಿಕ ತನ್ನ ದೊಡ್ಡ 7.62 ಕಾಡತೂಸನ್ನೇ ನೇಟೋದವರೆಲ್ಲಾ ಒಪ್ಪಬೇಕು ಅಂತ ಪಟ್ಟು ಹಿಡಿದಿತ್ತು. ಇಎಂ-2 ಮೂಲೆಗೆ ಬಿತ್ತು. ಬ್ರಿಟನ್ ಬೆಲ್ಜಿಯಂನ ಫಾಲ್ ತೆಗೆದುಕೊಂಡು ಎಸ್‌ಎಲ್‌ಆರ್ ಅಂತ ಮಾಡಿಕೊಂಡಿತು. ನಾವೂ ಅದನ್ನೇ ನೋಡಿ ಇಶಾಪುರದಲ್ಲಿ 1ಎ1 ತಯಾರಿಸಿದೆವು. ನಮ್ಮ ಜವಾನರು ಇನ್ಸಾಸ್ ಬರುವವರೆಗೂ ಹೊತ್ತದ್ದು ಆ 114 ಸೆಂಟಿಮೀಟರ್ ಉದ್ದದ ರೈಫಲ್ಲನ್ನೇ. ಜೀಪಿನ ಹಿಂದಿನ ಸೀಟಿನಲ್ಲಿ ಎಸ್‌ಎಲ್‌ಆರ್ ಹಿಡಿದು ಕೂತವರಿಗೆ ಗಿಡ್ಡ ಬಂದೂಕಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

1985ರಲ್ಲಿ ಬ್ರಿಟನ್ ಮತ್ತೆ ಬುಲ್‌ಪಪ್ಪಿಗೆ ಬಂತು, ಎಲ್85 ಅಂತ. ಈ ಸಲ ಡಿಸೈನಿಗಿಂತ ತಯಾರಿಕೆ ಕೆಟ್ಟಿತು. ಅದೇ ಹೊತ್ತಿಗೆ ಎನ್‌ಫೀಲ್ಡ್ ಕಾರ್ಖಾನೆ ಸರಕಾರದ ಕೈಯಿಂದ ಖಾಸಗಿಗೆ ಹೋಗಿ, 1988ರಲ್ಲಿ ಬಾಗಿಲೇ ಮುಚ್ಚಿತು. 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಅದು ಕೈಕೊಟ್ಟ ಸುದ್ದಿ ಪತ್ರಿಕೆಗಳಲ್ಲೆಲ್ಲಾ ಬಂತು. ಕಡೆಗೆ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಒಳಗಿನ ಭಾಗಗಳನ್ನೆಲ್ಲಾ ಬದಲಿಸಿ ಎ2 ಮಾಡಿಕೊಟ್ಟಿತು. ಅಲ್ಲಿಂದಾಚೆ ಅದು ನಂಬಿಕೆಯ ಬಂದೂಕು. ಸ್ವಲ್ಪ ಭಾರ, ಆದರೆ ಉದ್ದ ನಳಿಗೆಯಿಂದಾಗಿ ಗುರಿ ಚೊಕ್ಕ. ಹೆಸರು ಮಾತ್ರ ಪೂರ್ತಿ ತೊಳೆಯಲಿಲ್ಲ. ಬುಲ್‌ಪಪ್ಪಿನ ಮೇಲೆ ಜನ ಹೊರಿಸುವ ಅರ್ಧ ಆರೋಪ ಈ ಒಂದು ಬಂದೂಕಿನಿಂದ ಬಂದದ್ದು ಅಂತ ನನ್ನ ಅಭಿಪ್ರಾಯ.

ನನ್ನನ್ನು ಕೇಳಿದರೆ ಈ ಜಾತಿಯ ಅತ್ಯುತ್ತಮ ಕೆಲಸ ಎಯುಜಿಯೇ. ಆಸ್ಟ್ರಿಯಾ ಸೇನೆ 1977ರಲ್ಲಿ ಒಪ್ಪಿಕೊಂಡಿತು. ಆಗಿನ ಕಾಲದಲ್ಲಿ ಪ್ಲಾಸ್ಟಿಕ್ ಬಂದೂಕು ಅಂದರೆ ಆಟದ ಸಾಮಾನು ಅಂತ ನಗುವವರೇ ಹೆಚ್ಚು. ಇದರಲ್ಲಿ ಮೈ ಮಾತ್ರ ಅಲ್ಲ, ಹ್ಯಾಮರ್ ಇರುವ ಡಬ್ಬಿಯೂ ಬಹುಪಾಲು ಪ್ಲಾಸ್ಟಿಕ್ಕೇ. ಮ್ಯಾಗಝಿನ್ ಅರೆಪಾರದರ್ಶಕ, ಎಷ್ಟು ಗುಂಡು ಉಳಿದಿದೆ ಅಂತ ನೋಡಿದರೆ ತಿಳಿಯುತ್ತದೆ. ಒಂದೊಂದೇ ಹೊಡೆಯಲು, ಒಟ್ಟಿಗೆ ಹೊಡೆಯಲು ಬೇರೆ ಬೇರೆ ಸ್ವಿಚ್ ಇಲ್ಲ. ಟ್ರಿಗರ್ ಅರ್ಧ ಎಳೆದರೆ ಒಂದು ಗುಂಡು, ಪೂರ್ತಿ ಎಳೆದರೆ ಸುರಿಮಳೆ. ಮೇಲಿನ ಹಿಡಿಕೆಯೇ ಒಂದೂವರೆ ಪಟ್ಟಿನ ದುರ್ಬೀನು. ಒಳಗೆ ಗೀಟು, ಅಡ್ಡಗೆರೆ ಏನಿಲ್ಲ, ಒಂದು ಕಪ್ಪು ಬಳೆ ಮಾತ್ರ. 300 ಮೀಟರ್ ದೂರದಲ್ಲಿ ನಿಂತ ಆರಡಿ ಮನುಷ್ಯ ಆ ಬಳೆಯೊಳಗೆ ಸರಿಯಾಗಿ ತುಂಬುತ್ತಾನೆ. ದೂರ ಅಳೆಯುವುದೂ ಗುರಿ ಇಡುವುದೂ ಒಂದರಲ್ಲೇ ಆಯಿತು. ನಳಿಗೆಯನ್ನು ಕ್ಷಣದಲ್ಲಿ ತಿರುಗಿಸಿ ಕಳಚಬಹುದು. 350, 407, 508, 621 ಮಿ.ಮೀ. ನಳಿಗೆಗಳಿವೆ. ಒಂದೇ ಮೈಗೆ ಕಾರ್ಬೈನ್, ರೈಫಲ್, ಲೈಟ್ ಮಷೀನ್ ಗನ್ ಮೂರೂ. ಇಷ್ಟೆಲ್ಲಾ ಯೋಚನೆಗಳನ್ನು ಒಂದೇ ಬಂದೂಕಿನಲ್ಲಿ, ಅದೂ 1970ರ ದಶಕದಲ್ಲಿ ಕೂಡಿಸಿದರು. ಮಿಕ್ಕ ಲೋಕ ದುರ್ಬೀನನ್ನು ಪ್ರತಿ ಜವಾನನಿಗೂ ಕೊಡಲು ಎಷ್ಟೋ ವರ್ಷ ತಗೊಂಡಿತು. ಆಸ್ಟ್ರೇಲಿಯಾ ಇದನ್ನು ಲಿತ್‌ಗೋದಲ್ಲಿ ತಯಾರಿಸಿ ಇವತ್ತಿಗೂ ಬಳಸುತ್ತಿದೆ. ಐರ್ಲೆಂಡಿನಲ್ಲೂ ಇದೆ.

ಫಾಮಾಸ್‌ನ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗಬಹುದು. ಮೇಲಿನ ಉದ್ದ ಹಿಡಿಕೆಯಿಂದಾಗಿ ಫ್ರೆಂಚ್ ಸೈನಿಕರು ಅದನ್ನು ತುತ್ತೂರಿ ಅಂತ ಕರೆಯುತ್ತಿದ್ದರು. ಮುದ್ದಾದ ಬಂದೂಕೇ. ಆದರೆ ಅದರ ಒಳಗಿನ ಯಂತ್ರ ಫ್ರೆಂಚರದೇ ಉಕ್ಕಿನ ಕೇಸಿನ ಕಾಡತೂಸಿಗೆ ಒಗ್ಗಿದ್ದು. 25 ಗುಂಡಿನ ಅದರದೇ ಮ್ಯಾಗಝಿನ್. ಬಂದೂಕನ್ನು ಕಟ್ಟಿದ ಸೇಂಟ್ ಎಟಿಯೆನ್ ಕಾರ್ಖಾನೆಯೇ ಮುಚ್ಚಿತು. ಬಿಡಿಭಾಗ ಯಾರು ಕೊಡಬೇಕು? 2017ರಿಂದ ಜರ್ಮನಿಯ ಎಚ್‌ಕೆ416 ಅವರ ಕೈಗೆ ಬಂತು. ಇದನ್ನು ಬುಲ್‌ಪಪ್ಪಿನ ಸೋಲು ಅಂತ ಬರೆಯುವವರಿದ್ದಾರೆ. ನನಗೆ ಅದು ಕಾರ್ಖಾನೆಯ ಸಾವು ಅಂತ ಕಾಣುತ್ತದೆ.

ಹಾಗಂತ ಎಲ್ಲಾ ಸೇನೆಗಳ ವಿಷಯದಲ್ಲೂ ಈ ನೆಪ ನಡೆಯುವುದಿಲ್ಲ. ಚೀನಾ 1997ರಲ್ಲಿ ಹಾಂಗ್‌ಕಾಂಗ್‌ಗೆ ಹೆಜ್ಜೆ ಇಟ್ಟಾಗ ಅವರ ಜವಾನರ ಕೈಯಲ್ಲಿ ಹೊಸ ಕ್ಯುಬಿಝಡ್-95 ಬುಲ್‌ಪಪ್ ಇತ್ತು. ಕಾರ್ಖಾನೆಗೇನೂ ಕೊರತೆಯಿಲ್ಲ. ಆದರೂ 2019ರ ಮೆರವಣಿಗೆಗೆ ಮಾಮೂಲಿ ಆಕಾರದ ಕ್ಯುಬಿಝಡ್-191 ತಂದರು. ನ್ಯೂಜಿಲೆಂಡ್ ಎಯುಜಿ ಬಿಟ್ಟು ಎಆರ್ ಮಾದರಿಗೆ, ಅಂದರೆ ಎಂ16, ಎಂ4ರ ವಂಶಕ್ಕೆ ಹೋಯಿತು. ಬ್ರಿಟನ್ನಿನ ರಾಯಲ್ ಮರೀನ್ಸ್ ಕೂಡ ಅದೇ ದಾರಿ ಹಿಡಿದರು. ಯಾಕೆ?

ಒಂದೇ ದೊಡ್ಡ ಕಾರಣ ಇಲ್ಲ, ಸಣ್ಣಸಣ್ಣವು ಸೇರಿಕೊಂಡಿವೆ. ಈಗಿನ ಜವಾನ ಗುಂಡುನಿರೋಧಕ ಕವಚ ತೊಡುತ್ತಾನೆ. ಎದೆಯ ಮೇಲೆ ಎರಡು ಮೂರು ಅಂಗುಲ ದಪ್ಪ ಸೇರಿತು ಅಂದರೆ ಬಟ್ಟು ಅಷ್ಟು ಗಿಡ್ಡ ಆಗಬೇಕು. ಎಂ4ರ ಬಟ್ಟನ್ನು ಎರಡು ಮೆಟ್ಟಿಲು ಒಳಗೆ ತಳ್ಳಿದರೆ ಮುಗಿಯಿತು. ಬುಲ್‌ಪಪ್ಪಿನ ಬಟ್ಟಿನೊಳಗೆ ಯಂತ್ರವೇ ಕೂತಿದೆ, ತಳ್ಳುವುದು ಎಲ್ಲಿಗೆ? ಮ್ಯಾಗಝಿನ್ ಬದಲಿಸಲು ಕೈ ಕಂಕುಳ ಹತ್ತಿರ ಹೋಗಬೇಕು, ಕವಚ ಅಡ್ಡ ಬರುತ್ತದೆ. ಟಾರ್ಚು, ಲೇಸರ್, ಗ್ರೆನೇಡ್ ಲಾಂಚರ್ ಸಿಕ್ಕಿಸಲು ಮುಂದೆ ಜಾಗ ಕಡಿಮೆ. ಇನ್ನೊಂದು, ಲೋಕದ ಅರ್ಧ ಜನ ಎಆರ್ ಮಾದರಿಯಲ್ಲೇ ಪಳಗಿದ್ದಾರೆ. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಜೊತೆಗೆ ಗಿಡ್ಡ ನಳಿಗೆಗೆ ಹೊಂದುವ ಹೊಸ ಕಾಡತೂಸು ಬಂದ ಮೇಲೆ ಬುಲ್‌ಪಪ್ಪಿನ ಮುಖ್ಯ ಲಾಭವೇ ಸ್ವಲ್ಪ ಮಂಕಾಯಿತು.

ಸೈಲೆನ್ಸರ್ ವಿಷಯ ಮಾತ್ರ ಎರಡೂ ಕಡೆ ಕತ್ತಿ. ಈಗ ಸೇನೆಗಳು ಎಲ್ಲರಿಗೂ ಸೈಲೆನ್ಸರ್ ಕೊಡುವ ಕಡೆ ಹೊರಟಿವೆ. ಅದು ಒಂದು ಗೇಣಿನಷ್ಟು ಉದ್ದ ಸೇರಿಸುತ್ತದೆ. ಆಗ ಬುಲ್‌ಪಪ್ಪಿನ ಗಿಡ್ಡತನಕ್ಕೆ ಮತ್ತೆ ಬೆಲೆ ಬರಬೇಕು. ಆದರೆ ಸೈಲೆನ್ಸರ್ ಹಾಕಿದರೆ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಬುಲ್‌ಪಪ್ಪಿನಲ್ಲಿ ಆ ಹಿಂದೆ ಅನ್ನುವ ಜಾಗದಲ್ಲೇ ನಿಮ್ಮ ಮೂಗು ಇರುತ್ತದೆ.

ಇಷ್ಟಾದರೂ ಕೈಯಲ್ಲಿ ಹಿಡಿದವರು ಯಾಕೆ ಬಿಡುವುದಿಲ್ಲ ಅಂದರೆ, ಅದು ತೂಕದ ಹಂಚಿಕೆ. ಭಾರವೆಲ್ಲಾ ಹಿಂದೆ, ಭುಜದ ಹತ್ತಿರ. ಮುಂದಿನ ಕೈಗೆ ದಣಿವಿಲ್ಲ. ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಾಗಿಲು ತೆಗೆಯಬಹುದು. ಕಾರಿನಿಂದ ಇಳಿಯುವಾಗ ಮೂತಿ ಬಾಗಿಲಿಗೆ ಸಿಕ್ಕುವುದಿಲ್ಲ. ಇಸ್ರೇಲಿನ ಬುಲ್‌ಪಪ್ ಟಾವೊರ್ ನಮ್ಮಲ್ಲಿ ಪ್ಯಾರಾ ಸ್ಪೆಷಲ್ ಫೋರ್ಸಸ್, ನೌಕಾಪಡೆಯ ಮಾರ್ಕೋಸ್, ವಾಯುಪಡೆಯ ಗರುಡ್ ಕೈಗೆ ಬಂದದ್ದು ಇದಕ್ಕೇ. ಹೆಲಿಕಾಪ್ಟರ್, ದೋಣಿ, ಕಿರಿದಾದ ಮನೆಗಳು ಅವರ ಕೆಲಸದ ಜಾಗ. ಅದರ ತಮ್ಮ ಎಕ್ಸ್95 ಇನ್ನೂ ಚಿಕ್ಕದು. 330 ಮಿ.ಮೀ. ನಳಿಗೆ, ಒಟ್ಟು 580 ಮಿ.ಮೀ. ಉದ್ದ. ಸಿಆರ್‌ಪಿಎಫ್‌ನ ಕೋಬ್ರಾ ಪಡೆಯವರು ಕಾಡಿನಲ್ಲಿ ಇದನ್ನು ಹಿಡಿದು ಓಡಾಡುತ್ತಾರೆ. ಮಧ್ಯಪ್ರದೇಶದ ಮಾಲನ್‌ಪುರದಲ್ಲಿ ಇಸ್ರೇಲಿ ಕಂಪನಿಯ ಜೊತೆಗೂಡಿ ಕಟ್ಟಿದ ಕಾರ್ಖಾನೆಯೂ ಇದೆ.

ನಮ್ಮದೇ ಪ್ರಯತ್ನವೂ ಉಂಟು. ಪುಣೆಯ ಎಆರ್‌ಡಿಇ ರೂಪಿಸಿ ಕಾನ್ಪುರದಲ್ಲಿ ತಯಾರಾಗುವ ಜೆವಿಪಿಸಿ ಕಾರ್ಬೈನ್ ಬುಲ್‌ಪಪ್ ಅಲ್ಲ, ಪೂರ್ತಿ ಮಾಮೂಲಿಯೂ ಅಲ್ಲ. ಇಸ್ರೇಲಿನ ಊಝಿ ಸಬ್ ಮಷೀನ್ ಗನ್ನಿನಂತೆ ಮ್ಯಾಗಝಿನ್ ಹಿಡಿಯೊಳಗೇ ಹೋಗುತ್ತದೆ. 5.56 ಎಂಎಂನ್ನೇ ಮೊಟಕು ಮಾಡಿದ ಅದರದೇ ಕಾಡತೂಸು, ತೂಕ 3 ಕೆಜಿ. ಸ್ಟರ್ಲಿಂಗಿನ ಜಾಗಕ್ಕೆ ಅಂತ ಮಾಡಿದ್ದು. ನನಗೆ ಈ ಡಿಸೈನ್ ಇಷ್ಟ, ಆದರೆ ಬೇರೆ ಯಾವುದಕ್ಕೂ ಆಗದ ಕಾಡತೂಸು ಅದಕ್ಕೆ ಕಾಲುಕಟ್ಟು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕೂಡ ಪಿ-72 ಸರಣಿಯಲ್ಲಿ ಕಾರ್ಬೈನ್ ಮಾಡಿದೆ. ಅದು ಮಾಮೂಲಿ ಆಕಾರದ್ದು.

ಅಮೆರಿಕದ ಖಾಸಗಿ ಅಭಿಮಾನಿಗಳ ಪ್ರೀತಿಗೆ ಮಾತ್ರ ಇನ್ನೊಂದು ಕಾರಣ ಇದೆ, ಅದು ಕಾನೂನು. ಅಲ್ಲಿ 1934ರ ಕಾಯ್ದೆಯ ಪ್ರಕಾರ ರೈಫಲ್ಲಿನ ನಳಿಗೆ 16 ಇಂಚಿಗಿಂತ ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇದ್ದರೆ ಬೇರೆ ನೋಂದಣಿ ಬೇಕು. ದಶಕಗಳ ಕಾಲ ಅದಕ್ಕೆ 200 ಡಾಲರ್ ತೆರಿಗೆಯೂ ಇತ್ತು. ಕಾರ್ಬೈನ್ ಪ್ರಿಯರಿಗೆ ಇದು ಗೋಡೆ. ಬುಲ್‌ಪಪ್ಪಿಗೆ ಗೋಡೆಯೇ ಅಲ್ಲ. ಅಲ್ಲಿ ಮಾರುವ ಟಾವೊರ್ 16.5 ಇಂಚಿನ ನಳಿಗೆ ಇಟ್ಟುಕೊಂಡು, ಒಟ್ಟು ಉದ್ದದಲ್ಲಿ 26 ಇಂಚನ್ನು ಕೂದಲೆಳೆಯಷ್ಟು ದಾಟುತ್ತದೆ. ಅಮೆರಿಕದಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು: ಎಚ್-1ಬಿಯಂಥ ವೀಸಾದಲ್ಲಿ ಇದ್ದರೆ, ರೇಂಜಿನಲ್ಲಿ ಬಾಡಿಗೆಗೆ ಬಂದೂಕು ಮುಟ್ಟುವ ಮೊದಲೂ ವಕೀಲರನ್ನು ಕೇಳಿ. ಅಲ್ಲಿನ ಫೆಡರಲ್ ಕಾನೂನು ಆ ವೀಸಾದವರಿಗೆ ಬಂದೂಕು ಹೊಂದಲು ಬಿಡುವುದಿಲ್ಲ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ.

ಇನ್ನು ನಮ್ಮಲ್ಲಿ. ಸ್ವಯಂಚಾಲಿತ ಬಂದೂಕು, 5.56, 9 ಎಂಎಂ, .303 ಇವೆಲ್ಲಾ ನಿಷೇಧಿತ ವರ್ಗ. ಮಾಮೂಲಿ ಲೈಸೆನ್ಸಿಗೆ ಸಿಗುವುದಿಲ್ಲ. ಕೊಡಗಿನವರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿ ಕೂಡ ಇಂಥವಕ್ಕೆ ಅಲ್ಲ. ಉಳಿದದ್ದು ಏರ್‌ಗನ್. 2016ರ ಆಯುಧ ನಿಯಮಗಳಂತೆ ನಳಿಗೆಯ ಒಳ ಅಗಲ .177 ಇಂಚು ಮೀರದ, ಹೊಡೆತದ ಶಕ್ತಿ 20 ಜೂಲ್ ಒಳಗಿನ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಗಾಳಿ ತುಂಬಿಸಿಡುವ ಪಿಸಿಪಿ ರೈಫಲ್ಲುಗಳಲ್ಲಿ ಬುಲ್‌ಪಪ್ ಆಕಾರ ಈಗ ಬಹಳ ಸಾಮಾನ್ಯ. ಬುಲ್‌ಪಪ್ಪಿನ ಒಳಿತು ಕೆಡುಕು ಎರಡೂ ಅದರಲ್ಲೇ ಸಿಗುತ್ತವೆ. ಹಿಂಭಾರ, ಉದ್ದ ನಳಿಗೆ, ಕಡ್ಡಿಯ ಟ್ರಿಗರ್, ಎಲ್ಲಾ.

ಮಗನಿಗೆ ಕೊಡಿಸುವುದಾದರೆ ಖರೀದಿ ನಿಮ್ಮ ಹೆಸರಿನಲ್ಲಿರಲಿ, ಬಿಲ್ಲು ಮತ್ತು ಎಷ್ಟು ಜೂಲ್ ಅನ್ನುವ ಕಾಗದ ಜೋಪಾನ. ಹೊಡೆಯುವುದು ನೀವು ಜೊತೆಗಿರುವಾಗ, ಹಿಂದೆ ಗಟ್ಟಿ ತಡೆ ಇಟ್ಟು, ಕಾಗದದ ಗುರಿಗೆ ಮಾತ್ರ. ಹಕ್ಕಿ, ಅಳಿಲು ಅಂತ ಹೊರಟರೆ ವನ್ಯಜೀವಿ ಕಾಯ್ದೆ ಇದೆ. ಅಂಗಡಿಯಲ್ಲಿ ಬರೀ ಆಕಾರ ನೋಡಿ ಮರುಳಾಗಬೇಡಿ. ಟ್ರಿಗರನ್ನು ಹತ್ತಾರು ಸಲ ಎಳೆದು ನೋಡಲು ಕೇಳಿ. ಎಲ್ಲಿ ಬಿಡುತ್ತದೆ ಅನ್ನುವುದು ಪ್ರತಿ ಸಲ ಒಂದೇ ಆಗಿದ್ದರೆ ತಗೊಳ್ಳಿ. ಬುಲ್‌ಪಪ್ಪಿನಲ್ಲಿ ಕೆನ್ನೆ ನಳಿಗೆಯ ಮೇಲೆಯೇ ಕೂರುವುದರಿಂದ ಸ್ಕೋಪ್ ಎತ್ತರದಲ್ಲಿ ಇರುತ್ತದೆ. 25 ಮೀಟರಿಗೆ ಗುರಿ ಕೂಡಿಸಿದ್ದರೆ 10 ಮೀಟರಿನಲ್ಲಿ ಪೆಲೆಟ್ ಗುರಿಗಿಂತ ಕೆಳಗೆ ಬೀಳುತ್ತದೆ. ಹುಡುಗ ಬಂದೂಕು ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ಇದನ್ನು ಹೇಳಿಬಿಡಿ.